ಗಂಗಾವತಿಯ ಗೋದಾಮಿನಲ್ಲಿ ಸೊಪ್ಪಿನ ಕೋಣೆ: ದೀಪ ಮತ್ತು ತಂಪಿನ ವಿನ್ಯಾಸ ಸೇವೆಯೊಂದರ ವಿಮರ್ಶೆ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಬಳಕೆ ತಪ್ಪಿದ ಅಕ್ಕಿ ಗಿರಣಿಯೊಂದರ ಗೋದಾಮನ್ನು ಬಾಡಿಗೆಗೆ ಹಿಡಿದು, ಬಿಸಿಲನ್ನು ಸ್ವಲ್ಪವೂ ನೆಚ್ಚದೆ ವಿದ್ಯುತ್ ದೀಪದ ಬೆಳಕಿನಲ್ಲಿಯೇ ಲೆಟ್ಯೂಸ್ ಮತ್ತು ಬೇಸಿಲ್ ಸೊಪ್ಪು ಬೆಳೆಯುವ ಕೋಣೆಯೊಂದನ್ನು ನಾನು ಮತ್ತು ನನ್ನ ತಮ್ಮ ನಡೆಸುತ್ತಿದ್ದೇವೆ. ಆ ಕೋಣೆಯ ದೀಪ ಮತ್ತು ತಂಪಿನ ವ್ಯವಸ್ಥೆಯನ್ನು ಲೆಕ್ಕ ಹಾಕಿ, ನಕ್ಷೆ ಬರೆದು, ಸಾಮಾನು ಪೂರೈಸಿ, ಜೋಡಿಸಿಕೊಟ್ಟದ್ದು ಬೆಂಗಳೂರಿನ ಒಂದು ವಿನ್ಯಾಸ ಸಂಸ್ಥೆ. ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಅವರ ವ್ಯವಸ್ಥೆಯೊಂದಿಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಇಂತಹ ಸೇವೆ ಕೊಡುವವರ ನಕ್ಷೆಯಲ್ಲಿ ಯಾವ ಅಂಕಿಯನ್ನು ನೋಡಬೇಕು, ಯಾವುದನ್ನು ಕೇಳಿ ಬರೆಸಿಕೊಳ್ಳಬೇಕು ಎಂಬುದೇ ಓದುವವರಿಗೆ ಹೆಚ್ಚು ಬೇಕಾದದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಅವರ ದೀಪದ ಕೆಲಸ ಬಹಳ ಚೆನ್ನಾಗಿದೆ, ಗೋಡೆ ಮತ್ತು ಚಾವಣಿಯ ಕೆಲಸವೂ ಚೆನ್ನಾಗಿದೆ, ತಂಪಿನ ಕೆಲಸ ಮಾತ್ರ ಅರೆಬರೆಯಾಗಿದೆ, ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಇಂತಹ ಕೋಣೆಯ ಅಳಿವು ಉಳಿವು ನಿಂತಿರುವುದು ಆ ತಂಪಿನ ಮೇಲೆಯೇ.

ಭತ್ತದ ನಾಡಿನಲ್ಲಿ ಲೆಟ್ಯೂಸ್ ಏಕೆ ಎಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಆನೆಗೊಂದಿ, ಸಣಾಪುರದ ಕಡೆಯ ರೆಸಾರ್ಟುಗಳಿಗೆ, ಹೊಸಪೇಟೆಯ ಹೋಟೆಲುಗಳಿಗೆ, ತೋರಣಗಲ್ಲಿನ ಕಡೆಗೆ ಈ ಸೊಪ್ಪು ಬೇಕು. ದೂರದಿಂದ ಬರುವ ಮಾಲು ಬೇಸಿಗೆಯಲ್ಲಿ ಬಾಡಿಯೇ ಇಳಿಯುತ್ತದೆ. ಇಲ್ಲಿಯೇ ಬಯಲಿನಲ್ಲಿ ಬೆಳೆಯೋಣವೆಂದರೆ ಮಾರ್ಚ್‌ನಿಂದ ಮೇವರೆಗೆ ಸಾಧ್ಯವಿಲ್ಲ. ಬಿಸಿ ಹೆಚ್ಚಿದಾಗ ಲೆಟ್ಯೂಸ್ ದಂಟೆತ್ತಿ ಹೂವಿಗೆ ಹೋಗುತ್ತದೆ, ಎಲೆ ಕಹಿಯಾಗುತ್ತದೆ. ನೆರಳು ಬಲೆ ಬೆಳಕನ್ನು ತಗ್ಗಿಸುತ್ತದೆಯೇ ಹೊರತು ಗಾಳಿಯ ಬಿಸಿಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಒದ್ದೆ ಪ್ಯಾಡು ಮತ್ತು ದೊಡ್ಡ ಫ್ಯಾನು ಹಾಕಿದ ಪಾಲಿಹೌಸಿನ ಬಗ್ಗೆಯೂ ನಾವು ಯೋಚಿಸಿದ್ದೆವು. ಹೊರಗೆ 42 ಡಿಗ್ರಿ ಬಿಸಿ, 20 ಶೇಕಡಾ ತೇವಾಂಶವಿರುವ ಒಣ ಮಧ್ಯಾಹ್ನದಲ್ಲಿ ಒಳ್ಳೆಯ ಪ್ಯಾಡಿನಿಂದ ಹೊರಬರುವ ಗಾಳಿ ಸುಮಾರು 27 ಡಿಗ್ರಿಗೆ ಇಳಿಯಬಲ್ಲದು. ಆದರೆ ಜುಲೈನಲ್ಲಿ ಗಾಳಿ ತೇವಗೊಂಡಾಗ ಆ ಉಪಾಯ ನಡೆಯುವುದಿಲ್ಲ. ಜೊತೆಗೆ ಅದು ಕುಡಿಯುವಷ್ಟು ನೀರನ್ನು ತುಂಗಭದ್ರಾ ಎಡದಂಡೆ ಕಾಲುವೆ ಬಂದಾಗಿರುವ ತಿಂಗಳುಗಳಲ್ಲಿಯೇ ಒದಗಿಸಬೇಕಾಗುತ್ತದೆ. ಹೀಗಾಗಿ ಮುಚ್ಚಿದ ಕೋಣೆಯೊಂದೇ ಉಳಿಯಿತು.

ಸಂಸ್ಥೆಯವರು ವಿನ್ಯಾಸಕ್ಕೆ ಪ್ರತ್ಯೇಕ ಶುಲ್ಕ ಪಡೆಯುತ್ತಾರೆ, ಸಾಮಾನನ್ನೂ ಅವರಿಂದಲೇ ಕೊಂಡರೆ ಅದರಲ್ಲಿ ಬಹುಪಾಲನ್ನು ಕಳೆಯುತ್ತಾರೆ. ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಎಷ್ಟು ದೀಪ ಬೇಕೆಂದು ಲೆಕ್ಕ ಹಾಕುವವರೇ ದೀಪವನ್ನು ಮಾರುವವರಾದಾಗ ಲೆಕ್ಕ ಸಾಮಾನ್ಯವಾಗಿ ಮೇಲಕ್ಕೇ ವಾಲುತ್ತದೆ. ನಮ್ಮ ವಿಷಯದಲ್ಲಿಯೂ ಮೊದಲ ನಕ್ಷೆಯಲ್ಲಿ ಹಾಗೆಯೇ ಆಗಿತ್ತು. ಅದರಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 800 ಮೈಕ್ರೋಮೋಲ್ ಬೆಳಕು ಬೇಕೆಂದು ಬರೆದಿದ್ದರು (ಮೈಕ್ರೋಮೋಲ್ ಎಂದರೆ ಗಿಡದ ಮೇಲೆ ಬೀಳುವ ಬೆಳಕಿನ ಕಣಗಳನ್ನು ಎಣಿಸುವ ಅಳತೆ; ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಆ ಅಂಕಿ ಎಲ್ಲಿಂದ ಬಂತೆಂದು ಕೆದಕಿದಾಗ ಅದರ ಮೂಲ ಸೊಪ್ಪಿನ ಬೆಳೆಯಲ್ಲ, ಗಾಂಜಾ ಎಂಬುದು ಗೊತ್ತಾಯಿತು. ಅಮೆರಿಕದ ಕೊಲರಾಡೊದಲ್ಲಿ 2012ರ ಮತದಾನದ ನಂತರ, ಕೆನಡಾದಲ್ಲಿ 2018ರಲ್ಲಿ ದೇಶಾದ್ಯಂತ ಅದು ಕಾನೂನುಬದ್ಧವಾದ ಮೇಲೆ, ಒಳಾಂಗಣ ಕೃಷಿಯ ದೀಪ, ತಂಪು, ತೇವಾಂಶ ನಿಯಂತ್ರಣದ ಹೇರಳ ಅನುಭವ ಆ ಉದ್ಯಮದಿಂದಲೇ ಬಂದಿದೆ. ದೀಪ ತಯಾರಕರ ಕೈಪಿಡಿಗಳಲ್ಲಿ ಇರುವ ಉದಾಹರಣೆಗಳೂ ಬಹುಮಟ್ಟಿಗೆ ಅಲ್ಲಿಯವೇ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯ್ದೆಯಡಿ ಆ ಬೆಳೆ ಶಿಕ್ಷಾರ್ಹವಾಗಿರುವುದರಿಂದ ಅದರ ಮಾತು ನಮಗೆ ಬೇಕಿಲ್ಲ, ಆದರೆ ಅದರ ಅಂಕಿ ಸದ್ದಿಲ್ಲದೆ ನಮ್ಮ ನಕ್ಷೆಯೊಳಗೆ ಬಂದು ಕೂತಿತ್ತು. ಹೂವು ಬಿಡುವ ಆ ಗಿಡ ಬಯಸುವಷ್ಟು ಬೆಳಕು ಸೊಪ್ಪಿಗೆ ಬೇಕಾಗಿಲ್ಲ.

ಸೊಪ್ಪಿಗೆ ಬೇಕಾದದ್ದು ಎಷ್ಟು ಎಂಬ ಲೆಕ್ಕವನ್ನು ಸಂಸ್ಥೆಯ ಇನ್ನೊಬ್ಬ ಎಂಜಿನಿಯರ್ ಬಂದು ಶ್ರದ್ಧೆಯಿಂದ ಮಾಡಿಕೊಟ್ಟರು. ಲೆಟ್ಯೂಸಿಗೆ ದಿನವೊಂದಕ್ಕೆ ಚದರ ಮೀಟರಿಗೆ 12ರಿಂದ 17 ಮೋಲ್ ಬೆಳಕು ಸಾಕು. ಸೆಕೆಂಡಿಗೆ 250 ಮೈಕ್ರೋಮೋಲಿನಂತೆ 16 ಗಂಟೆ ಬೆಳಗಿಸಿದರೆ 14.4 ಮೋಲ್ ಆಗುತ್ತದೆ. ಅವರು ಕೊಟ್ಟ ಎಲ್‌ಇಡಿ ಪಟ್ಟಿಗಳು ಒಂದು ಜೂಲ್ ವಿದ್ಯುತ್ತಿಗೆ 2.7 ಮೈಕ್ರೋಮೋಲ್ ಬೆಳಕು ಕೊಡುತ್ತವೆ. ಅದರಲ್ಲಿ ಸುಮಾರು 15 ಶೇಕಡಾ ಬದಿಗೆ ಚದುರಿ ಹೋಗುತ್ತದೆಂದು ಹಿಡಿದರೆ ಚದರ ಮೀಟರಿಗೆ ಸುಮಾರು 110 ವ್ಯಾಟ್ ಬೇಕು. ನಮ್ಮ ಕೋಣೆ 12 ಮೀಟರ್ ಉದ್ದ, 6 ಮೀಟರ್ ಅಗಲ; ಅಂತಸ್ತಿನ ರ‍್ಯಾಕುಗಳಲ್ಲಿ ಒಟ್ಟು 120 ಚದರ ಮೀಟರ್ ಬೆಳೆಯುವ ಜಾಗವಿದೆ. ಅಂದರೆ ದೀಪಗಳ ಒಟ್ಟು ಹೊರೆ 13.2 ಕಿಲೋವ್ಯಾಟ್. ಮೊದಲ ನಕ್ಷೆಯಂತೆ 800 ಮೈಕ್ರೋಮೋಲ್ ಇಟ್ಟಿದ್ದರೆ ಅದು 40 ಕಿಲೋವ್ಯಾಟ್ ಮೀರುತ್ತಿತ್ತು, ಏಸಿಯ ಗಾತ್ರವೂ ಅದೇ ಪ್ರಮಾಣದಲ್ಲಿ ಏರುತ್ತಿತ್ತು. ನಕ್ಷೆ ಕೈಗೆ ಬಂದಾಗ ಮೊದಲು ನೋಡಬೇಕಾದ ಅಂಕಿ ಇದೇ, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಪ್ರತಿಯೊಂದು ಅಂಕಿಯೂ ತಪ್ಪುತ್ತದೆ.

ದೀಪಗಳ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಬೆಳಕು ಬಿಳಿಯದು, ಅದರಲ್ಲಿ 660 ನ್ಯಾನೋಮೀಟರಿನ ಕೆಂಪು ಸ್ವಲ್ಪ ಹೆಚ್ಚಾಗಿ ಸೇರಿದೆ. ಅಂತರ್ಜಾಲದಲ್ಲಿ ಅಗ್ಗವಾಗಿ ಸಿಗುವ ನೇರಳೆ ಬಣ್ಣದ ದೀಪಗಳ ಕೆಳಗೆ ಎಲೆಯ ಹಳದಿ ಚುಕ್ಕೆಯಾಗಲಿ, ಬೂಷ್ಟಾಗಲಿ ಕಣ್ಣಿಗೆ ಬೀಳುವುದೇ ಇಲ್ಲ, ಕೆಲಸದವರಿಗೆ ತಲೆನೋವು ಬೇರೆ. ಬಿಳಿ ಬೆಳಕಿನಲ್ಲಿ ರೋಗ ಬೇಗ ತಿಳಿಯುತ್ತದೆ. ಜೋಡಿಸಿದ ಮೇಲೆ ಗಿಡದ ಎತ್ತರದಲ್ಲಿ ಬೆಳಕನ್ನು ಪಾರ್ ಮೀಟರಿನಿಂದ, ಅಂದರೆ ಗಿಡ ಬಳಸುವ ಬೆಳಕನ್ನು ಅಳೆಯುವ ಉಪಕರಣದಿಂದ, ರ‍್ಯಾಕಿನ ಮೂಲೆ ಮೂಲೆಗೂ ಅಳೆದು, ಅಂಕಿಗಳನ್ನು ನಕ್ಷೆಯ ಮೇಲೆಯೇ ಗುರುತಿಸಿಕೊಟ್ಟರು. ಇದು ದೊಡ್ಡ ವಿಷಯ. ನಮ್ಮ ಕಡೆಯ ಬಹುತೇಕ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇರುವುದು ಲಕ್ಸ್ ಮೀಟರ್. ಅದು ಮನುಷ್ಯನ ಕಣ್ಣಿಗೆ ಹೆಚ್ಚು ಕಾಣುವ ಹಸಿರು ಬೆಳಕಿಗೆ ಹೆಚ್ಚು ಬೆಲೆ ಕೊಟ್ಟು ಅಳೆಯುತ್ತದೆ, ಗಿಡಕ್ಕೆ ಬೇಕಾದ ಕೆಂಪು ಮತ್ತು ನೀಲಿಯನ್ನು ಕಡಿಮೆ ತೋರಿಸುತ್ತದೆ. ಬಿಳಿ ಎಲ್‌ಇಡಿಗೆ ಲಕ್ಸ್ ಅಂಕಿಯನ್ನು 65 ಅಥವಾ 70ರಿಂದ ಭಾಗಿಸಿ ಅಂದಾಜು ಮಾಡಿಕೊಳ್ಳಬಹುದಾದರೂ ಕೆಂಪು ಹೆಚ್ಚಿದ ದೀಪಕ್ಕೆ ಆ ಅಂದಾಜೂ ಕೈಕೊಡುತ್ತದೆ. ರ‍್ಯಾಕಿನ ನಡುವೆ 270ರವರೆಗೆ ಇದ್ದ ಬೆಳಕು ತುದಿಗಳಲ್ಲಿ 200ರ ಆಸುಪಾಸಿಗೆ ಇಳಿದದ್ದನ್ನು ಅವರೇ ತೋರಿಸಿ, ಪಟ್ಟಿಗಳ ಅಂತರವನ್ನು ತುದಿಯ ಕಡೆಗೆ ಹತ್ತಿರವಾಗಿಸಿ, ಬದಿಗೆ ಬಿಳಿ ಹಾಳೆ ಕಟ್ಟಿ ಸರಿಪಡಿಸಿದರು.

ಎಲ್‌ಇಡಿಯ ಡ್ರೈವರುಗಳನ್ನು, ಅಂದರೆ ಪಟ್ಟಿಗಳಿಗೆ ತಕ್ಕಂತೆ ವಿದ್ಯುತ್ತನ್ನು ಬದಲಿಸಿಕೊಡುವ ಡಬ್ಬಿಗಳನ್ನು, ಕೋಣೆಯ ಹೊರಗೆ, ಗೋದಾಮಿನ ಗೋಡೆಗೆ ಕೂರಿಸಿದ್ದು ಅವರ ಇನ್ನೊಂದು ಜಾಣತನ. ಒಳ್ಳೆಯ ಡ್ರೈವರ್ ಕೂಡ ತಾನು ಪಡೆದ ವಿದ್ಯುತ್ತಿನಲ್ಲಿ 5ರಿಂದ 8 ಶೇಕಡಾವನ್ನು ಬಿಸಿಯಾಗಿ ಕಳೆಯುತ್ತದೆ. ಆ ಬಿಸಿ ಒಳಗೆ ಬರದಿದ್ದರೆ ಅಷ್ಟನ್ನು ಏಸಿ ಹೊರಹಾಕಬೇಕಿಲ್ಲ. ಎಲ್ಲ ಡ್ರೈವರುಗಳೂ ಒಮ್ಮೆಗೇ ಹೊತ್ತಿಕೊಂಡರೆ ಆರಂಭದ ಕರೆಂಟಿನ ಎಳೆತಕ್ಕೆ ಎಂಸಿಬಿ (ಹೊರೆ ಮೀರಿದಾಗ ತಾನಾಗಿ ಕಡಿಯುವ ಸ್ವಿಚ್ಚು) ಬೀಳುತ್ತದೆಂದು ಸಾಲು ಸಾಲಾಗಿ, ಕೆಲವು ಸೆಕೆಂಡುಗಳ ಅಂತರದಲ್ಲಿ ಹೊತ್ತುವಂತೆಯೂ ಮಾಡಿದ್ದಾರೆ.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋದಾಮಿನ ತಗಡಿನ ಚಾವಣಿಯನ್ನು ಮುಟ್ಟದೆ, ಅದರ ಕೆಳಗೆ ಪ್ರತ್ಯೇಕವಾಗಿ 80 ಮಿಲಿಮೀಟರ್ ದಪ್ಪದ ಪಫ್ ಪ್ಯಾನಲಿನ (ತಗಡುಗಳ ನಡುವೆ ಬಿಸಿ ತಡೆಯುವ ನೊರೆ ತುಂಬಿದ ಹಲಗೆಯ) ಪೆಟ್ಟಿಗೆಯಂಥ ಕೋಣೆ ಕಟ್ಟಿ, ನಡುವೆ ಗಾಳಿಯಾಡುವ ಜಾಗ ಬಿಟ್ಟರು. ಕಾದ ತಗಡಿನ ಝಳ ಪ್ಯಾನಲಿಗೆ ತಾಗುವ ಮೊದಲೇ ಮೇಲಿನಿಂದ ಹೊರಟುಹೋಗುತ್ತದೆ. ಇಂತಹ ಪ್ಯಾನಲಿನ ಮೂಲಕ, ಹೊರಗೆ 45 ಮತ್ತು ಒಳಗೆ 23 ಡಿಗ್ರಿ ಇದ್ದಾಗ, ನಮ್ಮ ಕೋಣೆಯ ಅಷ್ಟೂ ಗೋಡೆ ಮತ್ತು ಚಾವಣಿಯಿಂದ ಒಳಬರುವ ಬಿಸಿ ಒಂದು ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದನ್ನು ಕೇಳಿದವರಿಗೆ ಅಚ್ಚರಿಯಾಗುತ್ತದೆ. ನಮ್ಮ ಬಿಸಿಲಿಗೆ ಹೆದರಿ ಗೋಡೆಯನ್ನು ಇನ್ನೂ ದಪ್ಪಗೊಳಿಸಲು ಹೋಗುವವರು ಬಿಸಿಯ ನಿಜವಾದ ಮೂಲ ಒಳಗೇ ನೇತಾಡುತ್ತಿದೆ ಎಂಬುದನ್ನು ಮರೆಯುತ್ತಾರೆ. ದೀಪಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಗಿಡದ ಮೈಯಾಗಿ ಉಳಿಯುವುದು ಒಂದೆರಡು ಶೇಕಡಾ ಮಾತ್ರ. ಬೆಳಕಾಗಿ ಹೊರಟದ್ದೂ ಎಲೆಗೆ, ಗೋಡೆಗೆ, ನೀರಿಗೆ ತಾಗಿ ಕೊನೆಗೆ ಬಿಸಿಯೇ ಆಗುತ್ತದೆ. 13.2 ಕಿಲೋವ್ಯಾಟ್ ದೀಪವೆಂದರೆ ಹೆಚ್ಚುಕಡಿಮೆ 13 ಕಿಲೋವ್ಯಾಟಿನ ಹೀಟರನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟಂತೆ.

ಇನ್ನು ತಂಪಿನ ವಿಚಾರ. ಸಂಸ್ಥೆಯ ಲೆಕ್ಕ ಹೀಗಿತ್ತು: ದೀಪ 13.2, ಫ್ಯಾನು ಮತ್ತು ಪಂಪು ಸುಮಾರು 1, ಗೋಡೆ 1.1, ಜನರ ಓಡಾಟ ಮತ್ತು ಬಾಗಿಲು ತೆರೆದಾಗ ನುಗ್ಗುವ ಗಾಳಿ ಸುಮಾರು ಅರ್ಧ, ಒಟ್ಟು ಸುಮಾರು 16 ಕಿಲೋವ್ಯಾಟ್. ಏಸಿಯ ಶಕ್ತಿಯ ಲೆಕ್ಕದಲ್ಲಿ ಒಂದು ಟನ್ ಎಂದರೆ 3.517 ಕಿಲೋವ್ಯಾಟ್ ಆದ್ದರಿಂದ 4.6 ಟನ್. ಅದಕ್ಕೆ ತಲಾ 2 ಟನ್ನಿನ ಮೂರು ಇನ್ವರ್ಟರ್ ಏಸಿ ಹಾಕಿ, 6 ಟನ್ ಆಯಿತು, ಸಾಕಷ್ಟು ಹೆಚ್ಚುವರಿ ಇದೆ ಎಂದರು. ಕೂಡಿಸುವ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಏಸಿಯ ಮೇಲೆ ಬರೆದಿರುವ 2 ಟನ್ ಎಂಬುದು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವ ಪರೀಕ್ಷೆಯ ಅಂಕಿ. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ವಿಶೇಷವೇ ಅಲ್ಲ, ಒಳಗೆ ನಮಗೆ ಬೇಕಾದದ್ದು 23. ಎರಡೂ ಕಡೆಯಿಂದ ಯಂತ್ರದ ಶಕ್ತಿ ಕುಗ್ಗುತ್ತದೆ. ಆರು ಟನ್ ಎಂದುಕೊಂಡದ್ದು ಮಧ್ಯಾಹ್ನದ ಹೊತ್ತಿಗೆ ಐದರ ಆಸುಪಾಸಿಗೆ ಬರುತ್ತದೆ. ಹೆಚ್ಚುವರಿ ಎಂದು ಹೇಳಿದ್ದು, ಅತ್ಯಂತ ಬೇಕಾದ ಹೊತ್ತಿನಲ್ಲಿ ಕೈಯಲ್ಲಿರುವುದಿಲ್ಲ.

ಅದಕ್ಕಿಂತ ದೊಡ್ಡ ಲೋಪವಿದ್ದದ್ದು ಏಸಿಗಳ ಹೊರಗಿನ ಘಟಕಗಳ ಜಾಗದಲ್ಲಿ. ತಾಮ್ರದ ಪೈಪು ಕಡಿಮೆ ಹಿಡಿಯುತ್ತದೆಂದು ಮೂರನ್ನೂ ಪಶ್ಚಿಮದ ಗೋಡೆಗೆ, ನಮ್ಮ ಗೋದಾಮಿಗೂ ಪಕ್ಕದ ಗಿರಣಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಕೂರಿಸಿದ್ದರು. ಒಂದು ಘಟಕ ಉಗುಳಿದ ಬಿಸಿಗಾಳಿ ಎದುರಿನ ಗೋಡೆಗೆ ಬಡಿದು ಇನ್ನೊಂದರ ಬಾಯಿಗೇ ಹೋಗುತ್ತಿತ್ತು. ಊರಿನಲ್ಲಿ 41 ಡಿಗ್ರಿ ಇದ್ದ ಮಧ್ಯಾಹ್ನ ಆ ಸಂದಿಯಲ್ಲಿ 50ರ ಹತ್ತಿರ ಇರುತ್ತಿತ್ತು. ಮೇಲಿಂದ ಪಶ್ಚಿಮದ ಬಿಸಿಲು ಬೇರೆ. ಜೊತೆಗೆ ಪಕ್ಕದ ಗಿರಣಿಯ ಬಾಯ್ಲರಿಗೆ ಭತ್ತದ ಹೊಟ್ಟೇ ಉರುವಲು. ಅದರ ಬೂದಿ, ಹೊಟ್ಟಿನ ಧೂಳು, ತೌಡಿನ ಪುಡಿ ಎಲ್ಲವೂ ಘಟಕದ ತೆಳು ಲೋಹದ ಹಲ್ಲುಗಳಲ್ಲಿ ಸೇರಿ ಮೆತ್ತಿಕೊಳ್ಳುತ್ತಿದ್ದವು. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಿಯ ಕಡೆ ಕಾರ್ಖಾನೆಯ ಕಪ್ಪು ಧೂಳು, ನಮ್ಮಲ್ಲಿ ಗಿರಣಿಯ ಬೂದಿ. ಧೂಳಿನ ಬಣ್ಣ ಬೇರೆಯಾದರೂ ಏಸಿಗೆ ಆಗುವ ಕೇಡು ಒಂದೇ. ಘಟಕದೊಳಗಿನ ಗ್ಯಾಸಿನ ಒತ್ತಡ ಮಿತಿ ಮೀರಿ ಒಂದು ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು, ಉಳಿದ ಎರಡರ ಮೇಲೆ ಹೊರೆ ಬೀಳುತ್ತಿತ್ತು, ಒಳಗಿನ ಬಿಸಿ 30 ದಾಟುತ್ತಿತ್ತು. ಸಂಸ್ಥೆಗೆ ಫೋನು ಮಾಡಿದರೆ, ನಾಲ್ಕನೆಯ ಏಸಿ ಹಾಕಿಸಿ ಎಂಬ ಸಲಹೆ ಬಂತು.

ಊರಿನ ಏಸಿ ರಿಪೇರಿಯವರೊಬ್ಬರು ಬಂದು ಸಂದಿಯಲ್ಲಿ ನಿಂತು ನೋಡಿ, “ಸರ, ಒಳಗ ಎಷ್ಟ ದೊಡ್ಡ ಮಷೀನ್ ಹಾಕಿದ್ರೂ ಹೊರಗಿನ ಡಬ್ಬಿಗೆ ಗಾಳಿ ಆಡಲಿಲ್ಲಂದ್ರ ಏನೂ ಉಪಯೋಗಿಲ್ರಿ” ಎಂದರು. ಮೂರೂ ಘಟಕಗಳನ್ನು ಉತ್ತರದ ಗೋಡೆಗೆ, ಆಳೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ, ಒಂದರಿಂದ ಒಂದಕ್ಕೆ ಅಂತರ ಬಿಟ್ಟು ಕೂರಿಸಿ, ಮೇಲೆ ಗಾಳಿ ತಡೆಯದ ಹಾಗೆ ನೆರಳಿನ ತಗಡು ಹೊದಿಸಿದರು. ಪೈಪು ಉದ್ದವಾಯಿತು, ಗ್ಯಾಸು ಸ್ವಲ್ಪ ಹೆಚ್ಚು ತುಂಬಬೇಕಾಯಿತು. ನಾಲ್ಕನೆಯ ಏಸಿಯ ಬೆಲೆಯ ಮುಂದೆ ಅದು ಸಣ್ಣ ಖರ್ಚು. ವಾರಕ್ಕೊಮ್ಮೆ ಹಲ್ಲುಗಳನ್ನು ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯುವುದನ್ನೂ ಅವರೇ ಕಲಿಸಿದರು. ಅಂದಿನಿಂದ ಏಸಿ ತಾನಾಗಿ ನಿಂತಿಲ್ಲ. ಬೆಂಗಳೂರಿನ ಹವೆಯಲ್ಲಿ ಕುಳಿತು ನಕ್ಷೆ ಬರೆದವರಿಗೆ ಹೊರಗಿನ ಘಟಕ ಒಂದು ಸಣ್ಣ ಚೌಕ ಮಾತ್ರ. ನಮ್ಮ ಊರಿನಲ್ಲಿ ನಕ್ಷೆಯ ಅತ್ಯಂತ ಮುಖ್ಯವಾದ ಚೌಕವೇ ಅದು.

ಇಷ್ಟಾದರೂ ತಂಪಿನ ಅರ್ಧ ಕಥೆ ಉಳಿದಿತ್ತು, ಅದು ತೇವಾಂಶದ್ದು. ಗಿಡ ಕುಡಿದ ನೀರಿನಲ್ಲಿ ಬಹುಪಾಲನ್ನು ಎಲೆಯಿಂದ ಆವಿಯಾಗಿ ಬಿಡುತ್ತದೆ. ಚದರ ಮೀಟರಿಗೆ ದಿನಕ್ಕೆ 2 ಲೀಟರ್ ಎಂದು ಹಿಡಿದರೂ ನಮ್ಮ ಕೋಣೆಯಲ್ಲಿ 240 ಲೀಟರ್ ನೀರು ಗಾಳಿಗೆ ಸೇರುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 0.68 ಯೂನಿಟ್ ಬಿಸಿ ಬೇಕು. ಅಂದರೆ ದೀಪಗಳು ದಿನವಿಡೀ ಕೊಡುವ 211 ಯೂನಿಟ್ ಬಿಸಿಯಲ್ಲಿ ಸುಮಾರು 160 ಯೂನಿಟ್ ಆವಿಯ ರೂಪ ತಾಳಿ ಏಸಿಯ ಮುಂದೆ ಬರುತ್ತದೆ. ದೀಪ ಉರಿಯುವಾಗ ಏಸಿ ಓಡುತ್ತಲೇ ಇರುವುದರಿಂದ ಅದರ ತಣ್ಣನೆಯ ಕಾಯಿಲಿಗೆ ತಾಗಿ ಆ ಆವಿ ನೀರಾಗಿ ಹರಿದುಹೋಗುತ್ತದೆ, ತೊಂದರೆಯಿಲ್ಲ. ತೊಂದರೆ ಶುರುವಾಗುವುದು ದೀಪ ಆರಿದ ಮೇಲೆ. ಬಿಸಿಯ ಮೂಲ ನಿಂತಿತು, ಕೋಣೆ ಬೇಗ 23ಕ್ಕೆ ಬಂತು, ಇನ್ವರ್ಟರ್ ಏಸಿ ತನ್ನ ಕೆಲಸ ಮುಗಿಯಿತೆಂದು ನಿಧಾನವಾಯಿತು, ಕಾಯಿಲ್ ಬೆಚ್ಚಗಾಯಿತು. ಗಿಡ ಮಾತ್ರ ಕತ್ತಲಿನಲ್ಲಿಯೂ ಸ್ವಲ್ಪ ಸ್ವಲ್ಪ ಆವಿ ಬಿಡುತ್ತಲೇ ಇರುತ್ತದೆ, ತೊಟ್ಟಿಗಳ ನೀರೂ ಆರುತ್ತಿರುತ್ತದೆ. ಸಂಸ್ಥೆಯ ವೇಳಾಪಟ್ಟಿಯಂತೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ದೀಪ ಉರಿಸುತ್ತಿದ್ದಾಗ, ರಾತ್ರಿಯ ತೇವಾಂಶ 90 ಶೇಕಡಾ ದಾಟುತ್ತಿತ್ತು.

ಅಷ್ಟು ತೇವ ಹೊತ್ತುಗಟ್ಟಲೆ ಉಳಿದರೆ ಎಲೆಯಿಂದ ನೀರು ಆರುವುದು ಬಹುಮಟ್ಟಿಗೆ ನಿಲ್ಲುತ್ತದೆ, ನೀರಿನೊಂದಿಗೆ ಮೇಲೇರಬೇಕಾದ ಕ್ಯಾಲ್ಸಿಯಂ ಒಳಗಿನ ಎಳೆ ಎಲೆಗಳಿಗೆ ಸಾಲದೆ ಎಲೆಯ ಅಂಚು ಕಂದಾಗಿ ಸುಡಬಹುದು. ಹೋಟೆಲಿನವರು ಅಂತಹ ಗಿಡವನ್ನು ಮುಟ್ಟುವುದಿಲ್ಲ. ಒಳಗೆ 22 ಡಿಗ್ರಿ ಬಿಸಿ ಮತ್ತು 65 ಶೇಕಡಾ ತೇವಾಂಶವಿದ್ದರೆ ಗಾಳಿ ಎಲೆಯಿಂದ ನೀರು ಎಳೆಯುವ ಬಲ ಸುಮಾರು 0.9 ಕಿಲೋಪ್ಯಾಸ್ಕಲ್, ಸೊಪ್ಪಿಗೆ ಹಿತವಾದದ್ದು. ಈ ಅಂಕಿ ಸಂಸ್ಥೆಯ ವರದಿಯ ಮೊದಲ ಪುಟದಲ್ಲಿಯೇ ದಪ್ಪ ಅಕ್ಷರದಲ್ಲಿತ್ತು. ರಾತ್ರಿ ಅದನ್ನು ಉಳಿಸಿಕೊಳ್ಳುವ ಯಂತ್ರ ಮಾತ್ರ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. ಈ ಸೇವೆಯಲ್ಲಿ ನನಗೆ ಅತ್ಯಂತ ಬೇಸರ ತಂದ ಸಂಗತಿ ಇದು, ಏಕೆಂದರೆ ತಿಳಿಯದೆ ಬಿಟ್ಟದ್ದಲ್ಲ, ದರಪಟ್ಟಿ ಹಗುರವಾಗಿ ಕಾಣಲೆಂದು ಬಿಟ್ಟದ್ದು ಎಂದು ನನಗೆ ಅನಿಸುತ್ತದೆ. ತೇವ ಹೀರುವ ಯಂತ್ರ ಅಗ್ಗದ್ದಲ್ಲ, ಅದು ಹೀರಿದ ತೇವದ ಬಿಸಿಯನ್ನು ಕೋಣೆಗೇ ಬಿಡುವುದರಿಂದ ಏಸಿಗೂ ಕೆಲಸ ಕೊಡುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ದೂರು ಕೊಟ್ಟ ಮೇಲೆ ಮೊದಲು ಹೇಳಿದ ಅದೇ ಎಂಜಿನಿಯರ್ ಒಂದು ಒಳ್ಳೆಯ ಉಪಾಯ ಸೂಚಿಸಿದರು. ರ‍್ಯಾಕುಗಳನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಸಂಜೆ 6ರಿಂದ ಮರುದಿನ ಬೆಳಿಗ್ಗೆ 10ರವರೆಗೆ, ಇನ್ನೊಂದಕ್ಕೆ ನಸುಕಿನ 2ರಿಂದ ಸಂಜೆ 6ರವರೆಗೆ ಬೆಳಕು ಕೊಡುವುದು. ಎರಡಕ್ಕೂ 16 ಗಂಟೆ ಸಿಗುತ್ತದೆ. ಎರಡೂ ಒಟ್ಟಿಗೆ ಉರಿಯುವುದು ನಸುಕಿನ 2ರಿಂದ ಬೆಳಿಗ್ಗೆ 10ರವರೆಗೆ, ಹೊರಗಿನ ಹವೆ ದಿನದಲ್ಲಿಯೇ ತಣ್ಣಗಿರುವ ಹೊತ್ತಿನಲ್ಲಿ. ಉರಿಬಿಸಿಲಿನ ಮಧ್ಯಾಹ್ನ ಅರ್ಧ ದೀಪ ಮಾತ್ರ. ಕೋಣೆ ಪೂರ್ತಿ ಕತ್ತಲಾಗುವ ಹೊತ್ತೇ ಇಲ್ಲದ್ದರಿಂದ ಏಸಿಗೆ ಯಾವಾಗಲೂ ಒಂದಿಷ್ಟು ಕೆಲಸವಿರುತ್ತದೆ, ತೇವವೂ ಇಳಿಯುತ್ತಿರುತ್ತದೆ. ಬದಿಯ ಬೆಳಕು ಸೋರಿದರೂ ಲೆಟ್ಯೂಸಿಗೆ ಅಷ್ಟೇನೂ ಬಾಧಕವಿಲ್ಲ. ರಾತ್ರಿಯ ಉದ್ದ ನೋಡಿ ಹೂವು ಬಿಡುವ ಬೆಳೆಯಾಗಿದ್ದರೆ ಇದು ನಡೆಯುತ್ತಿರಲಿಲ್ಲ. ಸೇವಂತಿಗೆಯ ಹೊಲದಲ್ಲಿ ರಾತ್ರಿ ಬಲ್ಬು ಕಟ್ಟಿ ಹೂವನ್ನು ಮುಂದೂಡುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವೇಳಾಪಟ್ಟಿಯಿಂದ ಬೇಸಿಗೆ ಸಲೀಸಾಯಿತು. ಮಳೆಗಾಲಕ್ಕೆ ಮಾತ್ರ ಇದೊಂದೇ ಸಾಲದೆ, ಚಿಕ್ಕದೊಂದು ತೇವ ಹೀರುವ ಯಂತ್ರವನ್ನು ನಾವು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. ಇಂತಹ ಉಪಾಯ ಬಲ್ಲವರು ಅದನ್ನು ಮೊದಲ ದಿನವೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಉಳಿದಿದೆ.

ಸುರಕ್ಷತೆಯ ವಿಷಯದಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಇಂತಹ ಕೋಣೆಗೆ ಕರೆಂಟು ಹೋಗುವುದು ಅಷ್ಟು ದೊಡ್ಡ ಅಪಾಯವಲ್ಲ; ದೀಪವೂ ಆರುವುದರಿಂದ ಬಿಸಿ ನಿಧಾನವಾಗಿ ಏರುತ್ತದೆ, ಸಣ್ಣ ಜನರೇಟರಿನಲ್ಲಿ ಪಂಪು ಮತ್ತು ಫ್ಯಾನು ಓಡಿಸಿದರೆ ಕೆಲವು ಗಂಟೆ ತಡೆಯಬಹುದು. ನಿಜವಾದ ಅಪಾಯ, ಏಸಿ ನಿಂತು ದೀಪ ಉರಿಯುತ್ತಲೇ ಇರುವುದು. ಒಳಗಿನ ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಅಷ್ಟೂ ದೀಪಗಳು ಅದನ್ನು ನಿಮಿಷಕ್ಕೆ ಸುಮಾರು 3 ಡಿಗ್ರಿಯಂತೆ ಕಾಯಿಸಬಲ್ಲವು. ನೀರು, ಗಿಡ, ಕಬ್ಬಿಣ ಒಂದಿಷ್ಟು ಹೀರಿಕೊಳ್ಳುವುದರಿಂದ ವೇಗ ತಗ್ಗುತ್ತದೆಯಾದರೂ ಬೆಳೆ ಕೈಬಿಡಲು ಹೆಚ್ಚು ಹೊತ್ತು ಬೇಕಿಲ್ಲ. ನಮ್ಮ ಕಡೆ ತ್ರೀ ಫೇಸಿನಲ್ಲಿ ಒಂದು ಫೇಸ್ ಮಾತ್ರ ಹೋಗುವುದು ಹೊಸದಲ್ಲ. ಏಸಿಗಳು ಒಂದು ಫೇಸಿನಲ್ಲಿ, ದೀಪಗಳು ಇನ್ನೊಂದರಲ್ಲಿ ಇದ್ದರೆ ಇದೇ ಸ್ಥಿತಿ ಉಂಟಾಗುತ್ತದೆ. ಸಂಸ್ಥೆಯವರು ಇದಕ್ಕೆ ಕೊಟ್ಟದ್ದು ಫೋನಿಗೆ ಎಚ್ಚರಿಕೆ ಕಳಿಸುವ ಆ್ಯಪ್. ಅಂತರ್ಜಾಲವೇ ಇಲ್ಲದ ಹೊತ್ತಿನಲ್ಲಿ ಅದು ಮೌನವಾಗಿರುತ್ತದೆ, ಇದ್ದರೂ ನಡುರಾತ್ರಿ ಯಾರು ನೋಡುತ್ತಾರೆ? ಊರಿನ ಎಲೆಕ್ಟ್ರಿಶಿಯನ್ ಒಬ್ಬರು ಒಂದು ಥರ್ಮೋಸ್ಟಾಟ್ ಮತ್ತು ಕಾಂಟ್ಯಾಕ್ಟರ್ ಹಾಕಿ, ಒಳಗೆ 31 ಡಿಗ್ರಿ ದಾಟಿದ ಕೂಡಲೇ ದೀಪಗಳೆಲ್ಲ ತಾವಾಗಿಯೇ ಆರುವಂತೆ, ಯಾವುದಾದರೂ ಫೇಸ್ ತಪ್ಪಿದರೂ ಆರುವಂತೆ ಮಾಡಿಕೊಟ್ಟರು. ಒಟ್ಟು ಯೋಜನೆಯ ವೆಚ್ಚದಲ್ಲಿ ಲೆಕ್ಕಕ್ಕೂ ಬಾರದ ಹಣದ ಕೆಲಸವದು. ನಕ್ಷೆಯಲ್ಲಿ ಇದು ಇಲ್ಲದಿದ್ದರೆ ಸಹಿ ಹಾಕಬೇಡಿ.

ಏಸಿಯಿಂದ ಹರಿಯುವ ನೀರನ್ನು ಚರಂಡಿಗೆ ಬಿಡದೆ ಟ್ಯಾಂಕಿಗೆ ತಿರುಗಿಸಿದ್ದು ಸಂಸ್ಥೆಯ ಮೆಚ್ಚಬೇಕಾದ ಕೆಲಸ. ನಮ್ಮ ಬೋರ್‌ವೆಲ್ ನೀರು ಗಡುಸು. ಲೆಟ್ಯೂಸಿನ ಪೋಷಕ ದ್ರಾವಣ 1.2ರಿಂದ 1.8 ಇಸಿಯೊಳಗೆ (ಇಸಿ ಎಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಅಳತೆ) ಇರಬೇಕಾಗಿರುವಾಗ ಬರಿಯ ನೀರಿನಲ್ಲಿಯೇ ಅದರ ದೊಡ್ಡ ಪಾಲು ಬೇಡದ ಲವಣದಿಂದ ತುಂಬಿರುತ್ತದೆ. ಏಸಿಯ ನೀರು ಹೆಚ್ಚುಕಡಿಮೆ ಲವಣವಿಲ್ಲದ್ದು. ಕಾಯಿಲಿನ ತಾಮ್ರ ಅದರಲ್ಲಿ ಸೇರುವ ಸಾಧ್ಯತೆ ಇರುವುದರಿಂದ ಆಗಾಗ ಪರೀಕ್ಷೆ ಮಾಡಿಸುವುದು ಲೇಸು, ಆದರೆ ಆರ್‌ಒ ಯಂತ್ರದ ಹೊರೆ ಇದರಿಂದ ಬಹಳ ಇಳಿದಿದೆ.

ಇನ್ನು ಖರ್ಚಿನ ಮಾತು, ಸಂಸ್ಥೆಯ ವರದಿಯಲ್ಲಿ ಅತ್ಯಂತ ತೆಳುವಾಗಿದ್ದ ಅಧ್ಯಾಯ. ದೀಪಕ್ಕೆ ದಿನಕ್ಕೆ 211 ಯೂನಿಟ್, ಏಸಿಗೆ ಸುಮಾರು 85, ಫ್ಯಾನು ಮತ್ತು ಪಂಪಿಗೆ 24, ಒಟ್ಟು 320 ಯೂನಿಟ್. ಲೆಕ್ಕಕ್ಕೆಂದು ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ದಿನಕ್ಕೆ 2560 ರೂಪಾಯಿ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸಿಗುವ ಉಚಿತ ವಿದ್ಯುತ್ ಇಂತಹ ಕೋಣೆಯ ದೀಪಕ್ಕಾಗಲಿ, ಏಸಿಗಾಗಲಿ ಅಲ್ಲ. ಜೆಸ್ಕಾಂನಿಂದ ಯಾವ ದರದ ವರ್ಗದಲ್ಲಿ ಸಂಪರ್ಕ ಸಿಗುತ್ತದೆಂಬುದನ್ನು ಗೋದಾಮು ಹಿಡಿಯುವ ಮೊದಲೇ ವಿಚಾರಿಸಬೇಕು. 120 ಚದರ ಮೀಟರಿನಲ್ಲಿ 3000 ಗಿಡ, ತಿಂಗಳಿಗೊಂದು ಬೆಳೆ, ಗಿಡಕ್ಕೆ 150 ಗ್ರಾಂ ಎಂದು ಹಿಡಿದರೆ ದಿನಕ್ಕೆ ಬರುವುದು 15 ಕಿಲೋ. ಕಿಲೋವೊಂದಕ್ಕೆ ಕರೆಂಟಿನ ಖರ್ಚೇ ಸುಮಾರು 170 ರೂಪಾಯಿ ಆಯಿತು. ಬೀಜ, ಗೊಬ್ಬರ, ಕೂಲಿ, ಬಾಡಿಗೆ, ಸಾಲದ ಕಂತು ಎಲ್ಲ ಇದರ ಮೇಲೆ. ಚಳಿಗಾಲದಲ್ಲಿ ಬಯಲಿನ ಲೆಟ್ಯೂಸ್ ಮಾರುಕಟ್ಟೆಗೆ ಬಂದಾಗ ಈ ಬೆಲೆಗೆ ಕೊಳ್ಳುವವರಿಲ್ಲ. ಆಗ ನಾವು ಬೇಸಿಲಿಗೂ ಮೈಕ್ರೋಗ್ರೀನಿಗೂ (ಮೊಳಕೆಯೊಡೆದ ಕೆಲವೇ ದಿನಗಳಲ್ಲಿ ಕೊಯ್ಯುವ ಎಳೆ ಸೊಪ್ಪು) ಹೆಚ್ಚು ಜಾಗ ಕೊಡುತ್ತೇವೆ. ವರ್ಷವಿಡೀ ಒಂದೇ ಬೆಲೆ ಹಿಡಿದು ಲಾಭ ತೋರಿಸಿದ್ದ ಅವರ ಕೋಷ್ಟಕವನ್ನು ನಂಬಿ ಬ್ಯಾಂಕಿಗೆ ಹೋಗಬಾರದು.

ಹಾಗಾದರೆ ಈ ಸಂಸ್ಥೆಯನ್ನು ಕರೆಸಬಹುದೇ ಎಂದರೆ, ದೀಪದ ವಿನ್ಯಾಸಕ್ಕೆ ಯಾವ ಅಳುಕೂ ಇಲ್ಲದೆ ಕರೆಸಬಹುದು. ಕೇಳಿದ ಅಂಕಿಗೆ ಉತ್ತರ ಕೊಡುತ್ತಾರೆ, ಅಳೆದು ತೋರಿಸುತ್ತಾರೆ, ಕೆಟ್ಟ ಪಟ್ಟಿಯನ್ನು ತಕರಾರಿಲ್ಲದೆ ಬದಲಿಸಿದ್ದಾರೆ. ತಂಪಿನ ಮಟ್ಟಿಗೆ, ಹೊರಗೆ 45 ಡಿಗ್ರಿ ಮತ್ತು ಒಳಗೆ 23 ಡಿಗ್ರಿ ಇರುವಾಗ ಯಂತ್ರ ನಿಜವಾಗಿ ಕೊಡುವ ಟನ್ ಎಷ್ಟು, ಒಂದು ಯಂತ್ರ ಕೆಟ್ಟಾಗ ಉಳಿದವು ಎಷ್ಟು ದೀಪವನ್ನು ತಾಳುತ್ತವೆ, ದೀಪ ಆರಿದಾಗ ತೇವಾಂಶ ಎಷ್ಟಕ್ಕೆ ನಿಲ್ಲುತ್ತದೆ ಎಂಬ ಮೂರನ್ನೂ ಕರಾರಿನಲ್ಲಿ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಬೇಕು. ಹೊರಗಿನ ಘಟಕಗಳ ಜಾಗವನ್ನು ಸ್ಥಳೀಯ ಮೆಕ್ಯಾನಿಕ್ಕಿನಿಂದ ಒಪ್ಪಿಸಿಕೊಳ್ಳಬೇಕು. ನಮ್ಮ ವಾರ್ಷಿಕ ನಿರ್ವಹಣೆಯ ಒಪ್ಪಂದ ಈ ಸಲ ನವೀಕರಣಕ್ಕೆ ಬಂದಾಗ ದೀಪ ಮತ್ತು ಡ್ರೈವರುಗಳನ್ನು ಆ ಸಂಸ್ಥೆಯ ಬಳಿಯೇ ಉಳಿಸಿ, ಏಸಿಗಳನ್ನೂ ತೇವ ಹೀರುವ ಯಂತ್ರವನ್ನೂ ಊರಿನ ಆ ರಿಪೇರಿಯವರಿಗೆ ವಹಿಸಿದ್ದೇವೆ.